ಹೊಲಿಗೆ ಅಕ್ಕೋರು ಮತ್ತು ಅವರ ಗುಂಡಿ

ಅಂಗಡಿಯಲ್ಲಿ ಏನು ಕೊಳ್ಳುವುದಿದ್ದರೂ ಅವರು ಮೊದಲು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತಿದ್ದರು. ಗೆಣಸು, ರಬ್ಬರು ಚೆಂಡು, ಹಗ್ಗ, ಒಮ್ಮೆ ನನ್ನ ಹೊಸ ಚಪ್ಪಲಿಯ ಅಟ್ಟೆಯನ್ನು ಕೂಡ. ಹೊನ್ನಾವರ ಪೇಟೆಯವರಿಗೆ ಅದು ರೂಢಿಯಾಗಿಬಿಟ್ಟಿತ್ತು.

"ನಾಯಿಗೋ ಅಕ್ಕೋರೆ, ನಿಮಗೋ?" ಎಂದು ಕೇಳುತ್ತಿದ್ದರು.

"ನಂಗಾದ್ರೆ ಒತ್ತೂದು ಎಂತಕ್ಕೆ? ನಾ ಅಗ್ದು ತಿಂತೇನೆ. ಅದು ನುಂಗ್ತದೆ" ಎನ್ನುತ್ತಿದ್ದರು ಅವರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ನಮ್ಮ ಕಡೆಯ ವಾಡಿಕೆ. ಇವರು ಹುಡುಗಿಯರ ಶಾಲೆಯಲ್ಲಿ ಹೊಲಿಗೆ, ಕಸೂತಿ ಕಲಿಸುತ್ತಿದ್ದರಾದ್ದರಿಂದ ಊರಿಗೆಲ್ಲ ಹೊಲಿಗೆ ಅಕ್ಕೋರು. ಕುಮಟೆಯಲ್ಲಿ ತಂಗಿಯ ಮನೆಯಲ್ಲಿ ಅವರು ತೀರಿಕೊಂಡರೆಂದು ಮೊನ್ನೆ ಮೊನ್ನೆ ತಿಳಿಯಿತು. ನಾನೀಗ ಇರುವುದು ಭಟ್ಕಳದಲ್ಲಿ. ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ಅವರ ಮಾತುಗಳು, ಅವರು ನಡೆಯುವ ರೀತಿ, ಕತ್ತರಿ ಹಿಡಿಯುವ ರೀತಿ ಒಂದೊಂದಾಗಿ ನೆನಪಾಗುತ್ತಿವೆ.

ಎಪ್ಪತ್ತರ ದಶಕದ ನಡುವೆ ನಾನು ಕನ್ನಡ ಕಲಿಸಲು ಆ ಶಾಲೆಗೆ ಹೋದಾಗ ಅವರಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರದೊಂದು ಹೆಂಚಿನ ಮನೆ. ಅದರ ಹೊರಗಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಗಿಡ್ಡ ಆಳು, ಗಟ್ಟಿ ಮೈ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಇಳಿದದ್ದೇ ಇಲ್ಲ. ಕುತ್ತಿಗೆಯಲ್ಲಿ ಅಳತೆಯ ಟೇಪು, ಎದೆಯ ಮೇಲೆ ಸೆರಗಿನ ಅಂಚಿಗೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು. ಅಳುವ ಹುಡುಗಿಯರನ್ನು ಅಪ್ಪಿ ಸಮಾಧಾನಪಡಿಸಲು ಹೋದರೆ ಅವರಿಗೆ ಚುಚ್ಚಿ ಇನ್ನಷ್ಟು ಅಳು ಬರುತ್ತಿತ್ತು. ಹಾಗಾಗಿ ದೂರದಿಂದಲೇ ತಲೆ ಸವರುತ್ತಿದ್ದರು.

ತರಗತಿಯಲ್ಲಿ ಅವರು ಹೆಚ್ಚಾಗಿ ಆಡುತ್ತಿದ್ದ ಮಾತೆಂದರೆ "ಬಿಚ್ಚು". "ಇದೆಂತ ಹೊಲಿಗೆ ಮಾರಾಯ್ತಿ, ಏಡಿ ನಡ್ದಾಂಗೆ ಕಾಣ್ತದೆ. ಬಿಚ್ಚು." ಹುಡುಗಿಯ ಮುಖ ಸಣ್ಣದಾದರೆ, "ಬಿಚ್ಚಿದ್ರೆ ಬಟ್ಟೆ ಎಂತ ಸಾಯೂದಿಲ್ಲ. ಮತ್ತೆ ಹೊಲಿ, ಅಡ್ಡಿಲ್ಲ" ಎನ್ನುವರು. ಅವರು ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ಗುಂಡಿ ಅವರಿಗೆ ಸಿಕ್ಕಿದ್ದು ಶಾಲೆಯಲ್ಲೇ. ಹೊಲಿಗೆ ಕೋಣೆಯಲ್ಲಿ ತುಂಡುಬಟ್ಟೆ ಹಾಕುವ ಬುಟ್ಟಿಯೊಳಗೆ ಒಂದು ಬೆಳಗ್ಗೆ ಮಣ್ಣುಬಣ್ಣದ ಹೆಣ್ಣು ನಾಯಿಮರಿ ಮಲಗಿತ್ತು. ಹೇಗೆ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಹೆಡ್‌ಮಾಸ್ತರರು ಹೊರಗೆ ಬಿಟ್ಟು ಬನ್ನಿ ಎಂದರು. ಅಕ್ಕೋರು ಹೊರಗೆ ಬಿಡಲು ಹೋದವರು ಮನೆಯವರೆಗೂ ನಡೆದುಬಿಟ್ಟರು. ಬಂದ ವಾರದಲ್ಲೇ ಅದು ಹೊಲಿಗೆ ಮಿಶನ್ನಿನ ಕೆಳಗಿನ ಡಬ್ಬಿ ಬೀಳಿಸಿ ಅಂಗಿಯ ಗುಂಡಿಗಳನ್ನು ನುಂಗಿತು. ಅವು ಹೊರಗೆ ಬರುವವರೆಗೆ ಅಕ್ಕೋರು ಕೋಲು ಹಿಡಿದು ಹಿತ್ತಲಲ್ಲಿ ಅದರ ಹಿಂದೆಯೇ ತಿರುಗಿದರು. "ಎಲ್ಲಾ ಬಂತು!" ಎಂದು ಅವರು ಕೂಗಿದ್ದು ನನ್ನ ಕೋಣೆಗೆ ಕೇಳಿತು. ಹೀಗೆ ಅದರ ಹೆಸರು ಗುಂಡಿ ಆಯಿತು.

ಆ ಮರಿಗೆ ಹಲ್ಲು ಹುಟ್ಟುವಾಗ ನಮ್ಮ ಮನೆಯಲ್ಲಿ ಉಳಿದ ವಸ್ತು ಕಡಿಮೆ. ದಾರದ ಮರದ ರೀಲು, ಅಳತೆಯ ಟೇಪು, ಹುಡುಗಿಯರು ಪರೀಕ್ಷೆಗೆಂದು ಮಾಡಿದ್ದ ಕಸೂತಿ ಕರವಸ್ತ್ರ, ನನ್ನ ಒಂದು ಚಪ್ಪಲಿ, ಎಲ್ಲ ಅದರ ಬಾಯಿಗೆ ಹೋದವು. ಅಕ್ಕೋರಿಗೆ ಅದೆಲ್ಲ ಮುದ್ದು. "ಕಚ್ಚಲಿ ಬಿಡು ಮಾರಾಯ್ತಿ, ಹಲ್ಲು ತುರಸ್ತದೆ ಪಾಪ" ಎಂದು ಕೈಗೆ ಸಿಕ್ಕಿದ್ದನ್ನು ಅವರೇ ಎಸೆಯುತ್ತಿದ್ದರು. ಆಗ ಅವರಿಗೆ ಯಾವ ಎಚ್ಚರವೂ ಇರಲಿಲ್ಲ. ನಮಗಾರಿಗೂ ಇರಲಿಲ್ಲ. ನಾಯಿ ಎಂದ ಮೇಲೆ ಎಲುಬು ಕಡಿಯುತ್ತದೆ, ಅದರಲ್ಲಿ ಯೋಚಿಸುವುದೇನಿದೆ ಎಂದೇ ಎಲ್ಲರೂ ತಿಳಿದಿದ್ದೆವು.

ಓಣಿಯ ಆಚೆ ಬದಿಯ ಮನೆಯ ಆಚಾರ್ರ ವಿಷಯವನ್ನು ಇಲ್ಲಿ ಹೇಳಬೇಕು. ಅವರು ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಬಡಗಿ. ಎತ್ತರದ, ಮಾತು ಕಡಿಮೆಯ ಮನುಷ್ಯ. ನಾನು ಆ ಊರಿಗೆ ಬರುವ ಮೊದಲು ಅವರ ಒಬ್ಬಳೇ ಮಗಳಿಗೆ ಹುಚ್ಚುನಾಯಿ ಕಚ್ಚಿತ್ತಂತೆ. ಸಣ್ಣ ಗಾಯ. ಯಾರೋ ಹೇಳಿದ ಬೇರು ತೇಯ್ದು ಹಚ್ಚಿದರು. ಗಾಯ ಮಾಯಿತು. ಮಗು ಆಡಿಕೊಂಡಿತ್ತು. ಕೆಲವು ವಾರ ಕಳೆದ ಮೇಲೆ ನೀರಿನ ಲೋಟ ಕಂಡರೆ ಕಿರುಚತೊಡಗಿತು. ಮುಂದಿನದನ್ನು ಓಣಿಯಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಆಚಾರ್ರು ನಾಯಿ ಕಂಡರೆ ದಾರಿ ಬಿಟ್ಟು ಆಚೆ ಬದಿಗೆ ಹೋಗುತ್ತಿದ್ದರು. ಗುಂಡಿ ಬಂದ ಮೇಲೆ ಅವರು ಅಕ್ಕೋರ ಮನೆಯ ಕಡೆ ಮುಖವನ್ನೇ ತಿರುಗಿಸುತ್ತಿರಲಿಲ್ಲ. ಅಕ್ಕೋರಿಗೆ ಅದು ಗೊತ್ತಿತ್ತು. ಗುಂಡಿಯನ್ನು ಬೇಲಿಯ ದಣಪೆ ದಾಟಿ ಓಣಿಗೆ ಹೋಗಲು ಬಿಡುತ್ತಿರಲಿಲ್ಲ.

ಗುಂಡಿಗೆ ಎರಡು ವರ್ಷವಾಗಿರಬೇಕು. ಒಂದು ಭಾನುವಾರ ಅಕ್ಕೋರು ಕೋಳಿ ಸಾರು ಮಾಡಿದ್ದರು. ಕಾಲಿನ ಎಲುಬುಗಳನ್ನೆಲ್ಲ ತೆಗೆದಿಟ್ಟು, ಸಾರಿನ ಅನ್ನದ ಜೊತೆ ಗುಂಡಿಗೆ ಹಾಕಿ, ಅದು ಕಟಕಟ ಕಡಿಯುವುದನ್ನು ಕೇಳುತ್ತ ಸಂತೋಷದಿಂದ ಬಟ್ಟೆ ಒಗೆದರು. ಮರುದಿನ ಬೆಳಗ್ಗೆ ಗುಂಡಿ ಹಿತ್ತಲಿನ ಮೂಲೆಯಲ್ಲಿ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು. ಜೊಲ್ಲು ದಾರದ ಹಾಗೆ ನೆಲದವರೆಗೆ ಇಳಿಯುತ್ತಿತ್ತು. ಹತ್ತಿರ ಹೋದರೆ ಗುರ್ರೆಂದಿತು. ಗಂಜಿ ಮುಟ್ಟಲಿಲ್ಲ. ಹಾಲು ತಂದ ಹೆಂಗಸು ದಣಪೆಯ ಹತ್ತಿರವೇ ನಿಂತು ಕೂಗಿದಳು: "ಅಕ್ಕೋರೆ, ಒಳ್ಗೆ ಓಡಿ! ನಾಯಿಗೆ ಹುಚ್ಚು ಹಿಡದದೆ!"

ಆ ಮಾತು ಓಣಿಯ ತುದಿಗೆ ತಲುಪಲು ಎಷ್ಟು ಹೊತ್ತು ಬೇಕು? ಗಂಡಸರು ಕೋಲು, ಕಲ್ಲು ಹಿಡಿದು ಬಂದರು. ಗುಂಡಿ ಗಲಾಟೆಗೆ ಹೆದರಿ ತಾನಾಗಿಯೇ ಬಚ್ಚಲಿಗೆ ನುಗ್ಗಿತು. ಅಕ್ಕೋರು ಬಾಗಿಲು ಹಾಕಿ ಅಡ್ಡ ನಿಂತರು. ಎಲ್ಲರ ಹಿಂದಿನಿಂದ ಆಚಾರ್ರು ಬಂದರು. ಕೈಯಲ್ಲಿ ದೋಣಿಗೆ ಹಾಕುವ ಉದ್ದನೆಯ ಮರದ ರೀಪು. ಅವರು ಕೂಗಲಿಲ್ಲ.

"ಅಕ್ಕೋರೆ, ನೀವು ಒಳ್ಗೆ ಹೋಗಿ. ನೋಡೂದು ಬ್ಯಾಡ."

"ಒಂದು ಗಳಿಗೆ ತಡೀರಿ ಆಚಾರ್ರೆ."

"ತಡ್ದ್ರೆ ಎಂತ ಆಗ್ತದೆ ಅಂತ ನಂಗೆ ಗೊತ್ತದೆ."

ಅಕ್ಕೋರು ತಲೆ ತಗ್ಗಿಸಿದರು. ಆದರೆ ಬಾಗಿಲು ಬಿಡಲಿಲ್ಲ. ನನ್ನನ್ನು ದನದ ಡಾಕ್ಟರರ ಹತ್ತಿರ ಓಡಿಸಿದರು. ಡಾಕ್ಟರು ಕರು ಹಾಕಲಾರದೆ ಒದ್ದಾಡುತ್ತಿದ್ದ ಎಮ್ಮೆಯನ್ನು ನೋಡಲು ಯಾವುದೋ ಹಳ್ಳಿಗೆ ಹೋಗಿದ್ದರು. ಬಂದ ಕೂಡಲೇ ಕಳಿಸಿ ಎಂದು ಹೇಳಿ ನಾನು ಹಿಂತಿರುಗಿದಾಗ ಜನ ಇನ್ನೂ ಹೆಚ್ಚಾಗಿದ್ದರು. ಒಬ್ಬ ತರುಣ ಕಲ್ಲು ಹಿಡಿದು ಬಚ್ಚಲಿನ ಮಾಡು ಹತ್ತಲು ನೋಡುತ್ತಿದ್ದ. ಅಕ್ಕೋರು ಕಿಂಡಿಯಿಂದ ಒಳಗೆ ಇಣುಕುತ್ತಿದ್ದರು.

"ಕಾಲಿಂದ ಬಾಯಿ ಕೆರಕಂತಾ ಅದೆ" ಎಂದರು. "ಮತ್ತೆ ಮತ್ತೆ ಅದೇ ಬದಿ ಕೆರಕಂತದೆ. ಒಳ್ಗೆ ಎಂತದೋ ಸಿಕ್ಕದೆ. ನಿನ್ನೆ ನಾನೇ ಎಲುಬು ಹಾಕಿದ್ದು."

"ಡಾಕ್ಟರು ಬರಲಿ ಅಕ್ಕೋರೆ" ಎಂದೆ.

"ಅವ್ರು ಬರೂವರೆಗೆ ಇವ್ರು ಬಿಡೂದಿಲ್ಲ."

ಒಳಗೆ ಹೋದರು. ಶಾಲೆಯ ಹುಡುಗಿಯರಿಗೆ ಚೀಲ ಹೊಲಿಯಲೆಂದು ತಂದಿಟ್ಟಿದ್ದ ದಪ್ಪ ಖಾಕಿ ಡ್ರಿಲ್ ಬಟ್ಟೆಯ ಥಾನನ್ನೇ ಎತ್ತಿಕೊಂಡು ಬಂದರು. ಬೆರಳ ತುದಿಯಿಂದ ಮೊಣಕೈಯ ಮೇಲಿನವರೆಗೆ ಸುತ್ತು ಸುತ್ತಿ ನನ್ನಿಂದ ಗಂಟು ಹಾಕಿಸಿಕೊಂಡರು. ಲಟ್ಟಣಿಗೆ, ಒಲೆಯ ಚಿಮಟ, ಒಂದು ಗೋಣಿಚೀಲ ತೆಗೆದುಕೊಂಡರು. ಆಮೇಲೆ ಜನರ ಕಡೆ ತಿರುಗಿ, "ಯಾರಾದ್ರೂ ಒಬ್ರು ತಲೆ ಹಿಡೀಬೇಕು. ನಂಗೆ ಎರಡೇ ಕೈ ಅದೆ" ಎಂದರು.

ಯಾರೂ ಮಿಸುಕಲಿಲ್ಲ. ಯಾರು ತಾನೇ ಮಿಸುಕುತ್ತಾರೆ? ಹುಚ್ಚು ಹಿಡಿದಿದೆ ಎಂದು ಕಣ್ಣೆದುರೇ ಕಾಣುವ ನಾಯಿಯ ಬಾಯಿ ಅದು.

ಆಚಾರ್ರು ರೀಪನ್ನು ಗೋಡೆಗೆ ಒರಗಿಸಿದರು. "ಬಟ್ಟೆ ಇನ್ನೂ ಅದೆಯಾ?" ಎಂದು ಕೇಳಿದರು.

ಅಕ್ಕೋರು ಅವರ ಎರಡೂ ಕೈಗೆ ಬಟ್ಟೆ ಸುತ್ತಿದರು. ಅರ್ಧ ತೆರೆದ ಬಾಗಿಲಿನಿಂದ ನಾನು ಕಂಡದ್ದು ಇಷ್ಟು: ಆಚಾರ್ರು ಗೋಣಿ ಎಸೆದು ಗುಂಡಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದರು. ಮುಖವನ್ನು ಮಾತ್ರ ಆಚೆ ತಿರುಗಿಸಿದ್ದರು. ಅಕ್ಕೋರು ಲಟ್ಟಣಿಗೆಯನ್ನು ಹಲ್ಲುಗಳಿಗೆ ಅಡ್ಡ ಕೊಟ್ಟು ಬಾಯಿ ತೆರೆದರು. ಮೇಲಿನ ದವಡೆಹಲ್ಲುಗಳ ನಡುವೆ, ಅಂಗುಳಿಗೆ ಅಡ್ಡಲಾಗಿ, ಸೀಳಿದ ಕೋಳಿಯೆಲುಬಿನ ತುಂಡು ಬೆಣೆ ಹೊಡೆದ ಹಾಗೆ ಕೂತಿತ್ತು. ಚಿಮಟ ಮೊದಲ ಸಲ ಜಾರಿತು. ಗುಂಡಿ ಕೊಸರಿ ಇಬ್ಬರನ್ನೂ ಪರಚಿತು. "ಹಿಡ್ಕಳಿ, ಹಿಡ್ಕಳಿ" ಎಂದು ಅಕ್ಕೋರು ಮತ್ತೆ ಚಿಮಟ ಇಟ್ಟು ತಿರುಗಿಸಿ ಎಳೆದರು. ಎಲುಬು ಬಂತು.

ಗುಂಡಿ ಬಾಯಿ ಮುಚ್ಚಿತು. ತುಟಿ ನೆಕ್ಕಿಕೊಂಡಿತು. ಗೋಣಿಯೊಳಗಿಂದ ನುಸುಳಿ, ಬಚ್ಚಲಿನ ಬಾನಿಗೆ ಮೂತಿ ಇಟ್ಟು, ಗುಟುಗುಟು ನೀರು ಕುಡಿಯಿತು. ಕುಡಿದೇ ಕುಡಿಯಿತು. ಹೊರಗೆ ನಿಂತವರಿಗೆಲ್ಲ ಆ ಸದ್ದು ಕೇಳಿತು. ಆಚಾರ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಆ ನೀರು ಕುಡಿಯುವ ನಾಯಿಯನ್ನೇ ನೋಡುತ್ತಿದ್ದರು. ಅಕ್ಕೋರು ಅವರ ಕೈಯ ಬಟ್ಟೆ ಬಿಚ್ಚತೊಡಗಿದರೆ ಗಂಟೇ ಸಿಗಲಿಲ್ಲ.

ಮಧ್ಯಾಹ್ನ ಬಂದ ಡಾಕ್ಟರು ಚೆನ್ನಾಗಿ ಬೈದರು. "ಎಲುಬು ಅಂತ ಆಯ್ತು, ಸರಿ. ಹುಚ್ಚೇ ಆಗಿದ್ರೆ? ಜೊಲ್ಲು ಬಿಡುವ ನಾಯಿ ಬಾಯಿಗೆ ಕೈ ಹಾಕೋದಾ? ಓದಿದವರು ನೀವು." ಅಕ್ಕೋರು ತಪ್ಪು ಮಾಡಿದ ಹುಡುಗಿಯಂತೆ ಕೇಳಿಸಿಕೊಂಡರು. ಇಬ್ಬರಿಗೂ ಪರಚಿದ ಗಾಯವಿತ್ತು. ಸರಕಾರಿ ಆಸ್ಪತ್ರೆಗೆ ಹೋಗಿ ಹೊಕ್ಕುಳಿನ ಸುತ್ತ ಸೂಜಿ ಚುಚ್ಚಿಸಿಕೊಳ್ಳಿ, ನಾಯಿಯನ್ನು ಕಟ್ಟಿಹಾಕಿ ಗಮನಿಸುತ್ತಿರಿ ಎಂದರು.

ಹೀಗೆ ಅಕ್ಕೋರು ಮತ್ತು ಆಚಾರ್ರು ದಿನಾ ಬೆಳಗ್ಗೆ ಆಸ್ಪತ್ರೆಗೆ ನಡೆಯತೊಡಗಿದರು. ಅಕ್ಕೋರು ಮುಂದೆ, ಆಚಾರ್ರು ನಾಲ್ಕು ಮಾರು ಹಿಂದೆ. ಒಂದೆರಡು ದಿನದಲ್ಲಿ ಇಬ್ಬರೂ ಜೊತೆಯಾಗಿ ಬರುವುದು ಕಂಡಿತು. ಏನು ಮಾತಾಡುತ್ತೀರಿ ಎಂದು ನಾನು ಅಕ್ಕೋರನ್ನು ಕೇಳಿದೆ. "ಆ ಮಗು ವಿಷ್ಯ" ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ. ಸಂಜೆ ಕೆಲಸದಿಂದ ಬರುವಾಗ ಆಚಾರ್ರು ದಣಪೆಯ ಹೊರಗೆ ನಿಂತು, "ನೀರು ಕುಡೀತಾ?" ಎಂದು ಕೇಳುವರು. "ಕುಡೀತು" ಎಂದು ಅಕ್ಕೋರು ಹೇಳುವರು. "ಆತು" ಎಂದು ಅವರು ಹೋಗುವರು. ಗುಂಡಿ ಆರೋಗ್ಯವಾಗಿಯೇ ಇದ್ದುದರಿಂದ ಆಸ್ಪತ್ರೆಯವರು ಸೂಜಿಯನ್ನು ನಡುವೆಯೇ ನಿಲ್ಲಿಸಿದರು. ಆದರೆ ಆಚಾರ್ರ ಪ್ರಶ್ನೆ ನಿಲ್ಲಲಿಲ್ಲ.

ಉಗುರು ಒತ್ತಿ ನೋಡುವುದು ಶುರುವಾದದ್ದು ಆಮೇಲೆ. ಬೇಯಿಸಿದ ಎಲುಬು ಸೀಳಿ ಸೂಜಿಯಂತಾಗುತ್ತದೆ, ಕೋಳಿಯದಂತೂ ಕೊಡಲೇಬಾರದು ಎಂದು ಡಾಕ್ಟರು ಅಂದಿದ್ದರು. ಹಾಗಾದರೆ ಏನು ಕೊಡಬೇಕು ಎಂದು ಅಕ್ಕೋರು ಅವರ ಬೆನ್ನು ಹತ್ತಿದರು. ದನಕರು ನೋಡುವ ಡಾಕ್ಟರಿಗೆ ಆ ಕಾಲದಲ್ಲಿ ಇಂಥ ಪ್ರಶ್ನೆ ಕೇಳಿದವರು ಬೇರೆ ಯಾರೂ ಇರಲಿಲ್ಲ. ಅವರೂ ಖುಷಿಯಿಂದ ಹೇಳಿದರು: ಬಾಯಿಗಿಂತ ದೊಡ್ಡದಿರಬೇಕು, ಉಗುರು ಒತ್ತಿದರೆ ತುಸುವಾದರೂ ಒಳಗೆ ಹೋಗಬೇಕು, ಇಲ್ಲದಿದ್ದರೆ ಹಲ್ಲು ಒಡೆಯುತ್ತದೆ, ಚೂರಾಗಿ ಕಿತ್ತುಬರುವಂಥದ್ದು ಬೇಡ, ಕಚ್ಚುವಾಗ ಕಣ್ಣಿಟ್ಟಿರಬೇಕು. ಅಲ್ಲಿಂದ ಅಕ್ಕೋರ ಪ್ರಯೋಗಗಳು. ರಬ್ಬರು ಚೆಂಡು ಒಂದೇ ಮಧ್ಯಾಹ್ನಕ್ಕೆ ಚೂರುಚೂರಾಯಿತು, ಬೇಡ. ತೆಂಗಿನಸಿಪ್ಪೆ ಕೊಟ್ಟರೆ ನಾರು ನುಂಗಿ ವಾಂತಿ ಮಾಡಿತು, ಅದೂ ಬೇಡ. ನೈಲಾನು ಬಲೆಯ ತುಂಡನ್ನು ಗುಂಡಿ ಎಲ್ಲಿಂದಲೋ ಕಚ್ಚಿಕೊಂಡು ಬಂದ ದಿನ ಅವರು ಹಿತ್ತಲನ್ನೆಲ್ಲ ಗುಡಿಸಿ ಹುಡುಕಿದರು. ಕೊನೆಗೆ ಅದೇ ಖಾಕಿ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಅಂಚು ಮಡಚಿ ಹೊಲಿದು, ಬಿಗಿಯಾಗಿ ಜಡೆ ಹೆಣೆದು, ಎರಡೂ ತುದಿಗೆ ಮುಷ್ಟಿಯಷ್ಟು ಗಂಟು ಹಾಕಿದರು. ಗುಂಡಿ ಅದನ್ನು ಬಿಡಲೇ ಇಲ್ಲ. ಎಳೆ ಬಿಡತೊಡಗಿದ ಕೂಡಲೇ ಕಸಿದು ಹೊಸದು ಕೊಡುವರು.

ಒಂದು ಸಂಜೆ ಆಚಾರ್ರು ಮೊದಲ ಬಾರಿ ದಣಪೆ ದಾಟಿ ಜಗಲಿಗೆ ಬಂದರು. ಪಂಚೆಯ ಮಡಿಲಿಂದ ಒಂದು ವಸ್ತು ತೆಗೆದರು. ದೋಣಿಯ ಮರದಲ್ಲಿ ಕೆತ್ತಿ, ಕನ್ನಡಿಯಂತೆ ಉಜ್ಜಿದ ಒಂದು ಎಲುಬು. ಎಷ್ಟು ಸಂಜೆ ಕೂತು ಮಾಡಿದ್ದರೋ. ಅಕ್ಕೋರು ಕೈಯಲ್ಲಿ ಹಿಡಿದು ತಿರುತಿರುಗಿಸಿ ನೋಡಿದರು. ಆಮೇಲೆ ಉಗುರು ಒತ್ತಿದರು. ಸುಮ್ಮನೆ ತೆಗೆದುಕೊಳ್ಳಬಾರದೇ ಎಂದುಕೊಂಡೆ.

"ಚಂದ ಆಗದೆ ಆಚಾರ್ರೆ" ಎಂದರು. "ಆದ್ರೆ ಇದ್ನ ಕೊಡೂಕಾಗೂದಿಲ್ಲ. ಗಟ್ಟಿ ಆಯ್ತು, ಹಲ್ಲು ಹೋಗ್ತದೆ. ಮೆತ್ತನ ಮರ ಆದ್ರೆ ಸಿಬ್ರು ಏಳ್ತದೆ."

ಆಚಾರ್ರ ಮುಖ ಬಾಡಿತು. "ಹಂಗಾದ್ರೆ ನನ್ ಕೈಲಿ ಆಗೂದು ಎಂತದೂ ಇಲ್ಲ."

"ಎಂತಕ್ಕಿಲ್ಲ? ಗೆಣಸು ಸೀಳಿ ಒಣಗ್ಸಿ ಕೊಡಿ ಅಂದಿದ್ರು ಡಾಕ್ಟರು. ನಾ ಸೀಳಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಒಣಗೂದೇ ಇಲ್ಲ, ಬೂಸ್ಟು ಬರ್ತದೆ. ನಿಮ್ ಕೈಗೆ ಅಳತೆ ಗೊತ್ತಲ್ಲ."

ಮುಂದಿನ ವಾರ ಹೊಳೆದಂಡೆಯ ದೋಣಿ ಚಪ್ಪರದ ತಗಡಿನ ಮೇಲೆ ಗೆಣಸಿನ ಸೀಳುಗಳು ಒಣಗುತ್ತಿದ್ದವು. ಎಲ್ಲವೂ ಒಂದೇ ದಪ್ಪ. ಚರ್ಮದಂತೆ ಬಾಗುವಷ್ಟು ಒಣಗಿಸಿ ಆಚಾರ್ರೇ ತಂದುಕೊಡುತ್ತಿದ್ದರು. ಮೊದಮೊದಲು ಅಕ್ಕೋರ ಕೈಗೆ ಕೊಡುವರು. ಆಮೇಲೆ ನೆಲದ ಮೇಲಿಟ್ಟು ಹಿಂದೆ ಸರಿಯುವರು. ಬಹಳ ಕಾಲದ ಮೇಲೆ ಒಂದು ದಿನ ನಾನು ಶಾಲೆಯಿಂದ ಬಂದಾಗ, ಜಗಲಿಯ ಮೇಲೆ ಅವರು ಸೀಳಿನ ಒಂದು ತುದಿಯನ್ನು ಹಿಡಿದು ಕುಳಿತಿದ್ದರು, ಗುಂಡಿ ಇನ್ನೊಂದು ತುದಿಯನ್ನು ಅಗಿಯುತ್ತಿತ್ತು. ಅಕ್ಕೋರು ಮಿಶನ್ನಿನ ಮೇಲೆ ಬಗ್ಗಿಕೊಂಡೇ ಇದ್ದರು. ನನ್ನನ್ನು ಕಂಡು, ಮಾತಾಡಬೇಡ ಎಂದು ಕಣ್ಣು ಸನ್ನೆ ಮಾಡಿದರು.

ನನಗೆ ಭಟ್ಕಳಕ್ಕೆ ವರ್ಗವಾಯಿತು. ಇಲ್ಲಿ ನನ್ನ ಮನೆಯ ಹತ್ತಿರದ ಹೆಬಳೆಯ ಅಂಗಡಿಯವರೊಬ್ಬರ ನಾಯಿಮರಿ ಬಾಗಿಲನ್ನೇ ಕಡಿಯುತ್ತದೆ ಎಂದು ಅಕ್ಕೋರಿಗೆ ಬರೆದರೆ, ವಾರದೊಳಗೆ ಬಸ್ಸಿನಲ್ಲಿ ಜಡೆಗಂಟಿನ ಪೊಟ್ಟಣ ಬಂತು. ಜೊತೆಗೆ ಹೇಳಿಕಳಿಸಿದ್ದರು: ಮರಿ ಬಾಯಿ ಎಷ್ಟು ದೊಡ್ಡದು ಅಂತ ನೀನು ಬರೀಲಿಲ್ಲ, ಸಣ್ಣದಾದ್ರೆ ವಾಪಸ್ ಕಳ್ಸು. ಮದುವೆಮನೆಗೆ ಊಟಕ್ಕೆ ಹೋದರೆ ಉಡುಗೊರೆ ಕೊಟ್ಟ ಮೇಲೆ ಹಿತ್ತಲಿಗೆ ಹೋಗಿ, ಕೋಳಿಯೆಲುಬನ್ನು ನಾಯಿಗೆ ಸಿಗದ ಹಾಗೆ ಹೂಳಿ ಎಂದು ಹೇಳಿಯೇ ಬರುತ್ತಿದ್ದರು. ಕೆಲವರು ನಗುತ್ತಿದ್ದರು. ಅವರೂ ನಗುತ್ತಿದ್ದರು. ಹೂಳುವವರೆಗೆ ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ.

ಗುಂಡಿ ಮುದಿಯಾಗಿ, ಹಲ್ಲು ಸವೆದು, ಕೊನೆಕೊನೆಗೆ ಗಂಜಿಯನ್ನಷ್ಟೇ ನೆಕ್ಕುತ್ತಿತ್ತಂತೆ. ಒಂದು ಮಧ್ಯಾಹ್ನ ಮಿಶನ್ನಿನ ಕೆಳಗೆ ಮಲಗಿದ್ದು ಏಳಲಿಲ್ಲ. ಯಾರೂ ಹೇಳಿಕಳಿಸದಿದ್ದರೂ ಆಚಾರ್ರು ಹಾರೆ ಹಿಡಿದು ಬಂದು ಹಿತ್ತಲಲ್ಲಿ ಹೊಂಡ ತೋಡಿದರಂತೆ. ಅಕ್ಕೋರು ನಿವೃತ್ತರಾಗಿ ಕುಮಟೆಯ ತಂಗಿಯ ಮನೆಗೆ ಹೋದದ್ದು ಅದೇ ವರ್ಷ.

ಕೊನೆಯ ಸಲ ನಾನು ಅವರನ್ನು ಕಂಡದ್ದು ಅಲ್ಲೇ. ಜಗಲಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ಪಕ್ಕದ ಮನೆಯವರ ಮರಿಗೆಂದು ಜಡೆಗಂಟು ಹೊಲಿಯುತ್ತಿದ್ದರು. ಅದು ಇದು ಮಾತಾಡಿ, ಇಷ್ಟು ವರ್ಷ ಕೇಳದೆ ಬಿಟ್ಟಿದ್ದನ್ನು ಕೇಳಿದೆ.

"ಅಕ್ಕೋರೆ, ಅವತ್ತು ಬಾಯಿಗೆ ಕೈ ಹಾಕುವಾಗ ಎಲುಬೇ ಅಂತ ನಿಮಗೆ ಖಾತ್ರಿ ಇತ್ತಾ?"

"ಎಲ್ಲಿತ್ತು ಮಾರಾಯ್ತಿ! ಅರ್ಧ ಹಂಗೆ, ಅರ್ಧ ಹಿಂಗೆ."

"ಮತ್ತೆ ಹೆದರಿಕೆ ಆಗ್ಲಿಲ್ವಾ?"

"ಆಗದೆ ಏನು." ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. "ನೀನು ಹೋದಲ್ಲೆಲ್ಲ ನನ್ ಕತೆ ಹೇಳ್ತೆಯಂತೆ. ನಂದು ಎಂತದಿತ್ತು ಅದ್ರಲ್ಲಿ? ನಾ ಹಾಕಿದ ಎಲುಬು, ನಾನೇ ತೆಗೀಬೇಕಿತ್ತು. ನನ್ ನಾಯಿ ಉಳೀಬೇಕಿತ್ತು. ಆಚಾರ್ರಿಗೆ ಎಂತ ಬೇಕಿತ್ತು ಹೇಳು? ಇದ್ದೊಂದು ಮಗು ಹೋಗಿತ್ತು, ಅಂಥದೇ ಬಾಯಿಂದ. ಆದ್ರೂ ಬಂದು ಹಿಡ್ಕಂಡ್ರು."

ಅವರು ಸೂಜಿಯನ್ನು ಬೆಳಕಿಗೆ ಹಿಡಿದು ಎರಡು ಮೂರು ಸಲ ದಾರ ಪೋಣಿಸಲು ನೋಡಿದರು. ಆಗಲಿಲ್ಲ. ಸೂಜಿಯನ್ನೂ ದಾರವನ್ನೂ ನನ್ನ ಕೈಗೆ ಕೊಟ್ಟರು. ನಾನು ಪೋಣಿಸಿ ಕೊಟ್ಟೆ.